ವಾಚು ಬಿಪಿ ನಾರ್ಮಲ್ ಅನ್ನುತ್ತಿದೆ, ಮಾತ್ರೆ ಕಡಿಮೆ ಮಾಡಲೇ?

ಪ್ರಶ್ನೆ: ನನಗೆ 58 ವರ್ಷ. ಬಿಪಿಗೆ ದಿನಕ್ಕೊಂದು ಮಾತ್ರೆ ತೆಗೆದುಕೊಳ್ಳುತ್ತೇನೆ. ಹೋದ ತಿಂಗಳು ಮಗಳು ಒಂದು ಸ್ಮಾರ್ಟ್‌ವಾಚ್ ಕೊಡಿಸಿದಳು. ದುಬಾರಿಯದಲ್ಲ, ತೀರಾ ಸಾದಾ ಮಾದರಿ. ನನ್ನದು ನಾಲ್ಕು ವರ್ಷ ಹಳೆಯ ಆಂಡ್ರಾಯ್ಡ್ ಫೋನು. ಮೊದಲೆರಡು ದಿನ ಎಲ್ಲ ಸರಿಯಿತ್ತು. ಈಗ ಯಾರಾದರೂ ಕರೆ ಮಾಡಿದರೆ ವಾಚು ನಡುಗುತ್ತದೆ, ಆದರೆ ವಾಟ್ಸ್‌ಆ್ಯಪ್ ಮೆಸೇಜು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬಂದರೂ ಕನ್ನಡದಲ್ಲಿದ್ದರೆ ಬರೀ ಚೌಕಗಳು. ವಾಚಿನ ಆ್ಯಪ್ ಕಾಂಟ್ಯಾಕ್ಟು, ಲೊಕೇಶನ್ನು, ನೋಟಿಫಿಕೇಶನ್ನು ಎಲ್ಲಕ್ಕೂ ಅನುಮತಿ ಕೇಳಿತು, ಕೊಟ್ಟೆ. ಬ್ಯಾಂಕಿನ ಒಟಿಪಿಯನ್ನೂ ಅದು ಓದುತ್ತದೆ ಎಂದು ನನ್ನ ತಮ್ಮ ಹೆದರಿಸಿದ್ದಾನೆ. ರಾತ್ರಿ ವಾಚಿನ ಅಡಿಯಲ್ಲಿ ಹಸಿರು ಬೆಳಕು ಮಿನುಗುತ್ತಿರುತ್ತದೆ. ಅದರಿಂದ, ಬ್ಲೂಟೂತಿನಿಂದ ಮೈಗೆ ತೊಂದರೆ ಇಲ್ಲವೇ? ಡಬ್ಬದ ಮೇಲೆ ಐಪಿ68 ಎಂದಿದೆ, ಸ್ನಾನಕ್ಕೆ ಹಾಕಿಕೊಂಡು ಹೋಗಬಹುದೇ? ಎಲ್ಲಕ್ಕಿಂತ ಮುಖ್ಯವಾಗಿ, ಮೂರು ವಾರದಿಂದ ವಾಚು ನನ್ನ ಬಿಪಿ 118/76, 121/79 ಹೀಗೆ ನಾರ್ಮಲ್ ಎಂದೇ ತೋರಿಸುತ್ತಿದೆ. ಮಾತ್ರೆ ಅರ್ಧ ಮಾಡಬಹುದೇ? ಈ ವಾಚು ಇಟ್ಟುಕೊಳ್ಳಲೋ, ಮಗಳಿಗೆ ವಾಪಸ್ ಕೊಟ್ಟುಬಿಡಲೋ?

ಉತ್ತರ: ಮಾತ್ರೆಯ ವಿಷಯ ಮೊದಲು ಮುಗಿಸೋಣ, ಉಳಿದದ್ದು ಕಾಯುತ್ತದೆ. ಮಾತ್ರೆ ಮುಟ್ಟಬೇಡಿ. ಅರ್ಧ ಮಾಡುವುದೂ ಬೇಡ, ದಿನ ಬಿಟ್ಟು ದಿನ ತೆಗೆದುಕೊಳ್ಳುವುದೂ ಬೇಡ. ನಾನು ಡಾಕ್ಟರಲ್ಲ, ಫೋನು ವಾಚು ಬಿಚ್ಚಿ ಜೋಡಿಸುವವನು. ನಿಮಗೆ ಎಷ್ಟು ಮಾತ್ರೆ ಬೇಕು ಎಂದು ಹೇಳಲು ನನಗೆ ಬಾರದು. ಆದರೆ ಆ 118/76 ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ಹೇಳಬಲ್ಲೆ.

ನಿಮ್ಮದರಂಥದ್ದೇ ಒಂದು ವಾಚು, ಸ್ಕ್ರೀನು ಎದ್ದು ಬಂದಿದೆ ಎಂದು ನನ್ನ ಮೇಜಿಗೆ ಬಂದಿತ್ತು. ಒಳಗಿದ್ದದ್ದು ಇಷ್ಟು: ಹೆಬ್ಬೆರಳಿನ ಉಗುರಿನಗಲ ಸರ್ಕ್ಯೂಟ್ ಬೋರ್ಡು, ಅಂಚೆಚೀಟಿಯಷ್ಟು ಬ್ಯಾಟರಿ, ನಡುಗಿಸಲು ಅಂಗಿ ಗುಂಡಿಯಷ್ಟು ಮೋಟರು, ಚಲನೆ ಗುರುತಿಸುವ ಒಂದು ಚಿಪ್ಪು, ಬೆನ್ನಿನ ಗಾಜಿನ ಹಿಂದೆ ಎರಡು ಹಸಿರು ಎಲ್‌ಇಡಿ, ಅವುಗಳ ನಡುವೆ ಬೆಳಕು ಹಿಡಿಯುವ ಒಂದು ಕಪ್ಪು ಚುಕ್ಕೆ. ರಕ್ತದೊತ್ತಡ ಅಳೆಯುವ ಯಾವ ಸಾಮಾನೂ ಅದರಲ್ಲಿರಲಿಲ್ಲ. ಬಿಪಿ ನೋಡಲು ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬುವ ಉಪಕರಣವನ್ನು ಇಟಲಿಯ ರಿವಾ-ರೋಚಿ ಮಾಡಿದ್ದು 1896ರಲ್ಲಿ. ಪಟ್ಟಿಯ ಕೆಳಗೆ ಸ್ಟೆತಸ್ಕೋಪ್ ಇಟ್ಟು ಸದ್ದು ಕೇಳುವ ಕ್ರಮವನ್ನು ರಷ್ಯದ ಕೊರೊಟ್ಕೊವ್ ಹೇಳಿದ್ದು 1905ರಲ್ಲಿ. ಇವತ್ತಿನ ಡಿಜಿಟಲ್ ಯಂತ್ರದಲ್ಲೂ ಆ ಪಟ್ಟಿ ಹೋಗಿಲ್ಲ. ರಕ್ತನಾಳವನ್ನು ಒತ್ತಿ ಹಿಡಿದು, ನಿಧಾನಕ್ಕೆ ಸಡಿಲಿಸಿ, ರಕ್ತ ಯಾವ ಒತ್ತಡದಲ್ಲಿ ಮತ್ತೆ ನುಗ್ಗಿತು ಎಂದು ಅದು ನೋಡುತ್ತದೆ. ನಿಮ್ಮ ವಾಚು ಏನನ್ನೂ ಒತ್ತುವುದಿಲ್ಲ, ಬೆಳಕು ಬಿಡುತ್ತದೆ ಅಷ್ಟೆ.

ಆ ವಾಚನ್ನು ಅಂಟಿಸಿ ಮುಗಿಸಿದ ಮೇಲೆ ಕುತೂಹಲಕ್ಕೆ ಒಂದು ಪರೀಕ್ಷೆ ಮಾಡಿದೆ. ಮೇಜು ಒರೆಸುವ ಬಟ್ಟೆಯನ್ನು ಬಿಗಿಯಾಗಿ ಸುರುಳಿ ಸುತ್ತಿ, ಅದಕ್ಕೆ ವಾಚು ಕಟ್ಟಿ, ಬಿಪಿ ಒತ್ತಿದೆ. ಅರ್ಧ ನಿಮಿಷ ಹಸಿರು ಬೆಳಕು ಮಿನುಗಿತು. ಬಟ್ಟೆಯ ಬಿಪಿ 119/77, ನಾಡಿ 74. ಒಳ್ಳೆಯ ಆರೋಗ್ಯವಂತ ಬಟ್ಟೆ!

ವಾಚನ್ನು ಜೋಡಿಸುವಾಗ ಆ್ಯಪ್ ನಿಮ್ಮ ವಯಸ್ಸು, ಎತ್ತರ, ತೂಕ ಕೇಳಿತ್ತಲ್ಲ? ಇಂಥ ವಾಚುಗಳು ಹೆಚ್ಚಾಗಿ ಮಾಡುವುದೇನೆಂದರೆ, ನಾಡಿಯ ಲೆಕ್ಕದ ಜೊತೆ ಅಂಥ ಮಾಹಿತಿ ಸೇರಿಸಿ, ಸಾಮಾನ್ಯ ಮನುಷ್ಯನ ಬಿಪಿ ಎಷ್ಟಿದ್ದೀತೋ ಅದನ್ನು ಎರಡು ಮೂರು ಅಂಕಿ ಆಚೀಚೆ ಮಾಡಿ ತೋರಿಸುವುದು. ಮೂರು ವಾರವೂ ನಾರ್ಮಲ್ ಬಂದದ್ದಕ್ಕೆ ಕಾರಣ ಅದೇ ಇರಬೇಕು. ನಿಮ್ಮ ನಿಜವಾದ ಬಿಪಿ 160 ದಾಟಿದ ದಿನವೂ ಅದು ಇದೇ ಮಾತು ಹೇಳೀತು. ಒಂದು ವೇಳೆ ಆ ಸಂಖ್ಯೆ ನಿಜವೇ ಆಗಿದ್ದರೂ ಅದರಿಂದ ಮಾತ್ರೆ ಬೇಡ ಎಂದಾಗುವುದಿಲ್ಲ. ಮಾತ್ರೆ ಕೆಲಸ ಮಾಡುತ್ತಿದೆ ಎಂದಾಗುತ್ತದೆ. ಈ ಎರಡನೇ ತಪ್ಪನ್ನು ಓದುಬರಹ ಬಲ್ಲವರೂ ಮಾಡುವುದನ್ನು ನೋಡಿದ್ದೇನೆ.

ಹಾಗಾದರೆ ಕೈಗೆ ಕಟ್ಟುವ ಯಾವ ವಾಚೂ ಬಿಪಿ ಹೇಳಲಾರದೇ? ಹೇಳುವಂಥವು ಇವೆ, ಆದರೆ ಅವು ಬೇರೆ ಜಾತಿಯವು. ಓಮ್ರಾನ್ ಕಂಪನಿಯ ಒಂದು ವಾಚಿನ ಪಟ್ಟಿಯೊಳಗೇ ಗಾಳಿ ತುಂಬುವ ಚೀಲವಿದೆ. ಸ್ಯಾಮ್‌ಸಂಗಿನ ದುಬಾರಿ ವಾಚುಗಳು ಬೆಳಕಿನಿಂದಲೇ ಅಂದಾಜು ಮಾಡುತ್ತವೆ, ಆದರೆ ಮೊದಲು ತೋಳಿನ ಯಂತ್ರದಲ್ಲಿ ನೋಡಿದ ಸಂಖ್ಯೆಯನ್ನು ಅವಕ್ಕೆ ಹೇಳಿಕೊಡಬೇಕು, ಪ್ರತಿ 28 ದಿನಕ್ಕೊಮ್ಮೆ ಮತ್ತೆ ಹೇಳಿಕೊಡಬೇಕು. ಪಟ್ಟಿಯಲ್ಲಿ ಗಾಳಿಯ ಚೀಲವೂ ಇಲ್ಲದೆ, ತೋಳಿನ ಯಂತ್ರವನ್ನು ಒಮ್ಮೆಯೂ ಕೇಳದೆ ಬಿಪಿ ಹೇಳುವ ವಾಚು ಕಣಿ ಹೇಳುತ್ತಿದೆ ಎಂದೇ ತಿಳಿಯಿರಿ.

ಮನೆಯಲ್ಲಿ ಬಿಪಿ ನೋಡಿಕೊಳ್ಳುವ ಆಸೆ ಒಳ್ಳೆಯದು, ಅದನ್ನು ಬಿಡಬೇಡಿ. ಮೊಣಕೈ ಮೇಲಿನ ತೋಳಿಗೆ ಸುತ್ತುವ ಪಟ್ಟಿಯ ಯಂತ್ರ ತೆಗೆದುಕೊಳ್ಳಿ. ನೋಡುವ ಮೊದಲು ಐದು ನಿಮಿಷ ಸುಮ್ಮನೆ ಕೂರಿ. ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ತೋಳು ಎದೆಯ ಮಟ್ಟಕ್ಕೆ, ಮಾತು ಬೇಡ. ಅದಕ್ಕೆ ಮೊದಲಿನ ಅರ್ಧ ಗಂಟೆ ಕಾಫಿ ಟೀ ಬೇಡ. ಒಂದು ನಿಮಿಷ ಬಿಟ್ಟು ಎರಡನೇ ಸಲ ನೋಡಿ, ಎರಡನ್ನೂ ಬರೆದಿಡಿ. ಒಂದು ವಾರದ ಹಾಳೆ ಡಾಕ್ಟರಿಗೆ ತೋರಿಸಿದರೆ ಮಾತ್ರೆ ಕಡಿಮೆಯಾಗಬೇಕೋ ಹೆಚ್ಚಾಗಬೇಕೋ ಅವರು ಹೇಳುತ್ತಾರೆ.

ಇದೇ ಉಸಿರಿನಲ್ಲಿ ಇನ್ನೊಂದು. ಚುಚ್ಚದೆ ಸಕ್ಕರೆ ಅಂಶ ಹೇಳುತ್ತೇವೆ ಎನ್ನುವ ವಾಚುಗಳೂ ಇವೆ. ಅಂಥ ಯಾವ ವಾಚಿಗೂ ಉಂಗುರಕ್ಕೂ ತಾನು ಒಪ್ಪಿಗೆ ಕೊಟ್ಟಿಲ್ಲ, ಬಳಸಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರುವರಿಯಲ್ಲಿ ಎಚ್ಚರಿಸಿತ್ತು. ಇನ್ಸುಲಿನ್ ತೆಗೆದುಕೊಳ್ಳುವವರು ಅಂಥ ಸಂಖ್ಯೆ ನೋಡಿ ಡೋಸು ಬದಲಿಸಿದರೆ ಜೀವಕ್ಕೇ ಕುತ್ತು.

ಹಾಗೆಂದು ಅದರ ಎಲ್ಲ ಮಾತೂ ಸುಳ್ಳಲ್ಲ. ಸಾದಾ ವಾಚು ಆಡುವ ಮಾತಿನಲ್ಲಿ ಮೂರು ಬಗೆ: ತಾನೇ ಅಳೆದು ಹೇಳುವುದು, ಊಹಿಸಿ ಹೇಳುವುದು, ಫೋನಿನಿಂದ ಕೇಳಿಸಿಕೊಂಡು ಹೇಳುವುದು. ಯಾವುದು ಯಾವ ಬಗೆಯದು ಎಂದು ಗೊತ್ತಿದ್ದರೆ ಅದರ ಜೊತೆ ಬಾಳುವುದು ಸುಲಭ.

ನಾಡಿ ಅಳೆದು ಹೇಳುವ ಬಗೆಯದು. ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರುತ್ತದೆ. ಗುಂಡಿಗೆ ಬಡಿದಾಗಲೆಲ್ಲ ಮಣಿಕಟ್ಟಿನ ಚರ್ಮದಡಿ ರಕ್ತ ಸ್ವಲ್ಪ ಹೆಚ್ಚಾಗುತ್ತದೆ, ವಾಪಸ್ ಬರುವ ಬೆಳಕು ಸ್ವಲ್ಪ ಕಡಿಮೆಯಾಗುತ್ತದೆ. ಆ ಏರಿಳಿತ ಎಣಿಸಿದರೆ ನಾಡಿ ಸಿಕ್ಕಿತು. ನಿಮಗೆ ರಾತ್ರಿ ಕಾಣುವ ಹಸಿರು ಬೆಳಕು ಇದೇ. ಸುಮ್ಮನೆ ಕುಳಿತಾಗ, ಮಲಗಿದಾಗ ಅದು ಹೇಳುವ ನಾಡಿ ಹೆಚ್ಚುಕಡಿಮೆ ನಂಬಬಹುದು. ಅನುಮಾನ ಬಂದರೆ ಹೆಬ್ಬೆರಳಿನ ಬುಡದ ಕೆಳಗೆ ಎರಡು ಬೆರಳಿಟ್ಟು ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿ, ವಾಚಿನ ಜೊತೆ ತಾಳೆ ನೋಡಿ. ಬಿರುಸಾಗಿ ನಡೆಯುವಾಗ ಮಾತ್ರ ಎಡವುತ್ತದೆ. ಕೈ ಬೀಸುವ ಲಯವನ್ನೇ ನಾಡಿ ಎಂದುಕೊಂಡು, ನಿಮಿಷಕ್ಕೆ 110 ಹೆಜ್ಜೆ ಹಾಕಿದರೆ ನಾಡಿಯೂ 110 ಎಂದು ಬಿಡುವುದುಂಟು. ವಾಚು ಸಡಿಲವಾಗಿದ್ದರೆ, ಆ ಜಾಗದಲ್ಲಿ ಹಚ್ಚೆ ಇದ್ದರೆ, ಚಳಿಗೆ ಕೈ ತಣ್ಣಗಾಗಿದ್ದರೆ ಇನ್ನೂ ಕಷ್ಟ. ನನ್ನ ಬಟ್ಟೆಗೂ 74 ಬಂದಿತ್ತಲ್ಲ ಎಂದು ನೀವು ಕೇಳಬಹುದು. ಬೆಳಕಿನಲ್ಲಿ ಚೂರು ಏರಿಳಿತ ಕಂಡರೂ ಅದನ್ನು ನಾಡಿ ಎಂದುಕೊಳ್ಳುವುದು ಇಂಥ ಸೆನ್ಸರಿನ ಚಾಳಿ. ತನ್ನ ಮುಂದಿರುವುದು ಮನುಷ್ಯನ ಕೈಯೇ ಎಂದು ಕೇಳಿಕೊಳ್ಳುವ ಬುದ್ಧಿ ಅದಕ್ಕಿಲ್ಲ.

ರಕ್ತದ ಆಮ್ಲಜನಕಕ್ಕೆ ಒಂದು ಸುಲಭ ಪರೀಕ್ಷೆಯಿದೆ. ಜಪಾನಿನ ತಕುವೊ ಅಯೊಯಾಗಿ 1974ರಲ್ಲಿ ಮಂಡಿಸಿದ ತತ್ವದ ಪ್ರಕಾರ ಅದಕ್ಕೆ ಎರಡು ಬಣ್ಣದ ಬೆಳಕು ಬೇಕು, ಸಾಮಾನ್ಯವಾಗಿ ಒಂದು ಕೆಂಪು, ಇನ್ನೊಂದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್. ಆಮ್ಲಜನಕ ಅಳೆಯುವ ಬಟನ್ ಒತ್ತಿ ವಾಚನ್ನು ತಿರುಗಿಸಿ ನೋಡಿ. ಕೆಂಪು ಬೆಳಕು ಹತ್ತದೆ ಬರೀ ಹಸಿರೇ ಹತ್ತಿದರೆ, ಅದು ತೋರಿಸುವ 98 ಕೂಡ ಬಿಪಿಯ ತಮ್ಮನೇ. ಕೆಂಪು ಹತ್ತಿದರೂ ಮಣಿಕಟ್ಟಿನ ಲೆಕ್ಕ ಬೆರಳಿಗೆ ಹಾಕುವ ಕ್ಲಿಪ್ಪಿನಷ್ಟು ಗಟ್ಟಿಯಲ್ಲ. ಉಸಿರಾಟಕ್ಕೆ ತೊಂದರೆಯಾಗುತ್ತಿದ್ದರೆ ವಾಚು ನೋಡುತ್ತ ಕೂರದೆ ಆಸ್ಪತ್ರೆಗೆ ಹೋಗಿ.

ಹೆಜ್ಜೆ ಲೆಕ್ಕ ಅಳೆಯುವುದಕ್ಕೂ ಊಹೆಗೂ ನಡುವಿನದು. ಅದು ಎಣಿಸುವುದು ಕೈಯ ಓಲಾಟವನ್ನು. ಬೈಕಿನ ಕುಲುಕಾಟ ಹೆಜ್ಜೆಯಾಗಬಹುದು, ತಳ್ಳುಗಾಡಿ ಹಿಡಿದು ಒಂದು ಮೈಲಿ ನಡೆದರೂ ಸೊನ್ನೆ ಬರಬಹುದು. ಇಂದಿಗಿಂತ ನಾಳೆ ಹೆಚ್ಚು ನಡೆದೆನೇ ಎಂದು ನೋಡಲು ಸಾಕು. 10,000 ಹೆಜ್ಜೆ ಆಗಲಿಲ್ಲ ಎಂದು ಕೊರಗಬೇಡಿ. ಆ ಸಂಖ್ಯೆ ಪ್ರಯೋಗಾಲಯದಿಂದ ಬಂದದ್ದಲ್ಲ, 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ ಬಂದದ್ದು. ‘ಮಾನ್‌ಪೊ-ಕೆಯ್’ ಎಂದರೆ ಹತ್ತು ಸಾವಿರ ಹೆಜ್ಜೆಯ ಮೀಟರು. ನಿದ್ದೆಯ ಬಣ್ಣಬಣ್ಣದ ಪಟ್ಟಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಷ್ಟು ಗಂಟೆಗೆ ಮಲಗಿ ಎಷ್ಟಕ್ಕೆ ಎದ್ದಿರಿ ಎಂಬುದು ಸುಮಾರಾಗಿ ಸರಿ, ಗಾಢ ನಿದ್ದೆ ಕನಸಿನ ನಿದ್ದೆ ಎಂಬುದೆಲ್ಲ ಅಂದಾಜು. ಅಲ್ಲಾಡದೆ ಪುಸ್ತಕ ಓದುತ್ತ ಮಲಗಿದವರನ್ನು ಅದು ಎಷ್ಟೋ ಸಲ ನಿದ್ದೆಗೆ ಸೇರಿಸಿಬಿಡುತ್ತದೆ.

ಇನ್ನು ಮೆಸೇಜಿನ ವಿಷಯ. ಇದು ಮೂರನೇ ಬಗೆ, ಫೋನಿನಿಂದ ಕೇಳಿ ಹೇಳುವುದು. ‘ಕರೆ ಬರುತ್ತದೆ, ಮೆಸೇಜು ಬರುವುದಿಲ್ಲ’ ಎಂದು ನೀವು ಬರೆದದ್ದನ್ನು ಓದಿದ ಕೂಡಲೇ ವಾಚು ಕೆಟ್ಟಿಲ್ಲ ಎಂದು ನನಗೆ ಅನ್ನಿಸಿತು. ಕೈಯಲ್ಲೇ ಮಾತಾಡಬಹುದಾದ ಈ ವಾಚುಗಳು ಫೋನಿನ ಜೊತೆ ಒಂದಲ್ಲ, ಎರಡು ಬ್ಲೂಟೂತ್ ಸಂಪರ್ಕ ಇಟ್ಟುಕೊಳ್ಳುತ್ತವೆ. ಒಂದು ಹಳೆಯ ಬಗೆಯದು, ಇಯರ್‌ಫೋನಿನಂತೆ ಕರೆಯ ಸದ್ದು ಸಾಗಿಸಲು. ಅದನ್ನು ಫೋನೇ ನೇರವಾಗಿ ನೋಡಿಕೊಳ್ಳುತ್ತದೆ, ಆ್ಯಪ್ ಬೇಕಿಲ್ಲ. ಇನ್ನೊಂದು 2010ರಲ್ಲಿ ಬ್ಲೂಟೂತ್ 4.0 ಜೊತೆ ಬಂದ ಕಡಿಮೆ ವಿದ್ಯುತ್ತಿನ ಬಗೆ. ಮೆಸೇಜು, ಹೆಜ್ಜೆ, ನಾಡಿ, ಹವಾಮಾನ ಎಲ್ಲ ಓಡಾಡುವುದು ಇದರಲ್ಲಿ, ಅದೂ ವಾಚಿನ ಆ್ಯಪ್ ಎಚ್ಚರವಾಗಿದ್ದರೆ ಮಾತ್ರ. ಮೆಸೇಜು ಬಂತೆಂದು ಫೋನು ಆ್ಯಪಿಗೆ ಹೇಳಬೇಕು, ಆ್ಯಪ್ ವಾಚಿಗೆ ಹೇಳಬೇಕು. ನಡುವಿನವನು ನಿದ್ದೆ ಹೋದರೆ ಸುದ್ದಿ ಅಲ್ಲೇ ನಿಂತಿತು.

ನಿದ್ದೆ ಮಾಡಿಸುವುದು ಫೋನೇ. 2015ರ ಆಂಡ್ರಾಯ್ಡ್ 6ರಿಂದ, ಬಳಸದೆ ಇಟ್ಟ ಫೋನು ಬ್ಯಾಟರಿ ಉಳಿಸಲು ಹಿನ್ನೆಲೆಯ ಆ್ಯಪ್‌ಗಳ ಕೈಕಟ್ಟುತ್ತದೆ. ಕೆಲವು ಕಂಪನಿಗಳ ಫೋನುಗಳು ಇನ್ನೂ ಮುಂದೆ ಹೋಗಿ ಆ್ಯಪನ್ನು ಸಾಯಿಸಿಯೇ ಬಿಡುತ್ತವೆ. ಮೊದಲೆರಡು ದಿನ ನೀವು ಆಗಾಗ ಆ್ಯಪ್ ತೆರೆದು ನೋಡುತ್ತಿದ್ದಿರಿ, ಅದು ಎಚ್ಚರವಿತ್ತು. ಆಮೇಲೆ ಹೊಸತನ ಕಳೆಯಿತು, ನೀವು ತೆರೆಯಲಿಲ್ಲ, ಫೋನು ಅದನ್ನು ಮಲಗಿಸಿತು. ಸೆಟ್ಟಿಂಗ್ಸಿನ ಆ್ಯಪ್‌ಗಳ ಪಟ್ಟಿಯಲ್ಲಿ ವಾಚಿನ ಆ್ಯಪ್ ಹುಡುಕಿ, ಬ್ಯಾಟರಿ ಎಂಬಲ್ಲಿ ‘ಅನ್‌ರಿಸ್ಟ್ರಿಕ್ಟೆಡ್’ ಅಥವಾ ‘ನೋ ರಿಸ್ಟ್ರಿಕ್ಷನ್ಸ್’ ಆರಿಸಿ. ‘ಆಟೋ ಸ್ಟಾರ್ಟ್’ ಎಂಬುದು ಇದ್ದರೆ ಅದನ್ನೂ ಆನ್ ಮಾಡಿ. ಇತ್ತೀಚಿನ ಆ್ಯಪ್‌ಗಳನ್ನೆಲ್ಲ ಒಟ್ಟಿಗೆ ಗುಡಿಸಿಹಾಕುವ ಅಭ್ಯಾಸವಿದ್ದರೆ ವಾಚಿನ ಆ್ಯಪನ್ನು ಆ ಗುಡಿಸಾಟದಿಂದ ಉಳಿಸಿ. ಹತ್ತರಲ್ಲಿ ಏಳೆಂಟು ‘ಕೆಟ್ಟ’ ವಾಚುಗಳು ನನ್ನ ಮೇಜಿನ ಮೇಲೆ ಇಷ್ಟರಲ್ಲೇ ಗುಣವಾಗಿವೆ.

ಇದರಿಂದ ಫೋನಿನ ಬ್ಯಾಟರಿ ಬೇಗ ಮುಗಿಯುತ್ತದೆ ಎಂಬ ಭಯ ಬೇಡ. ಆ ಎರಡನೇ ಬ್ಲೂಟೂತ್ ಇರುವುದೇ ಕಡಿಮೆ ಕುಡಿಯಲು. ಸ್ಕ್ರೀನು ಒಂದಷ್ಟು ಹೊತ್ತು ಹೆಚ್ಚು ಬೆಳಗಿದರೆ ಅದಕ್ಕಿಂತ ಹೆಚ್ಚು ಖರ್ಚಾಗುತ್ತದೆ.

ಸರಿಹೋಗದಿದ್ದರೆ ಇನ್ನೊಂದು ಸಾಧ್ಯತೆಯಿದೆ. ಒಬ್ಬರು ‘ಬ್ಲೂಟೂತ್ ಹಾಳಾಗಿದೆ’ ಎಂದು ಒಂದೇ ವಾಚನ್ನು ನಾಲ್ಕು ಸಲ ತಂದರು. ನನ್ನ ಮೇಜಿನ ಮೇಲೆ ನಾಲ್ಕು ಸಲವೂ ಮೊದಲ ಯತ್ನದಲ್ಲೇ ಜೋಡಣೆಯಾಯಿತು, ಮನೆಗೆ ಹೋದರೆ ಇಲ್ಲ. ಕೊನೆಗೆ ತಿಳಿದದ್ದು, ಮನೆಯ ಡ್ರಾಯರಿನಲ್ಲಿ ಮೊಮ್ಮಗನ ಆಟಕ್ಕೆಂದು ಇಟ್ಟಿದ್ದ ಅವರ ಹಳೆಯ ಫೋನಿನಲ್ಲಿ ಅದೇ ಆ್ಯಪ್ ಇನ್ನೂ ಇತ್ತು. ಇವರು ಬಾಗಿಲು ದಾಟುತ್ತಿದ್ದಂತೆ ವಾಚು ಹಳೆಯ ಫೋನಿಗೆ ಅಂಟಿಕೊಳ್ಳುತ್ತಿತ್ತು. ಇಂಥ ವಾಚು ಒಂದು ಫೋನಿಗೆ ಅಂಟಿದ್ದಾಗ ಬೇರೆ ಫೋನುಗಳ ಕಣ್ಣಿಗೇ ಬೀಳುವುದಿಲ್ಲ. ನಿಮ್ಮ ಮಗಳು ಕೊಡುವ ಮೊದಲು ತನ್ನ ಫೋನಿಗೆ ಜೋಡಿಸಿ ನೋಡಿದ್ದಳೇ, ಕೇಳಿ. ಜೋಡಿಸಿದ್ದರೆ ಅವಳ ಫೋನಿನಲ್ಲಿ ಅದನ್ನು ಅಳಿಸಬೇಕು. ಮತ್ತೆ ಜೋಡಿಸುವಾಗ ಮೊದಲು ಆ್ಯಪ್ ಒಳಗಿನಿಂದ ಜೋಡಿಸಿ. ಫೋನಿನ ಬ್ಲೂಟೂತ್ ಪಟ್ಟಿಯಲ್ಲಿ ಕರೆಗಾಗಿ ಕಾಣುವ ಎರಡನೇ ಹೆಸರನ್ನು ಆಮೇಲೆ ಸೇರಿಸಿ. ಹೆಚ್ಚಿನವರು ಉಲ್ಟಾ ಮಾಡಿ ‘ಆ್ಯಪಿಗೆ ವಾಚೇ ಸಿಗುತ್ತಿಲ್ಲ’ ಎನ್ನುತ್ತಾರೆ. ಫೋನಿನಲ್ಲಿ ವಿಡಿಯೊ ಹಾಕಿದರೆ ಸದ್ದು ಕೈಯಿಂದ ಬರತೊಡಗಿದರೆ ಗಾಬರಿಯಾಗಬೇಡಿ. ಆ ಎರಡನೇ ಹೆಸರಿನ ಪಕ್ಕದ ಗುರುತು ಒತ್ತಿ ‘ಮೀಡಿಯಾ ಆಡಿಯೊ’ ಆಫ್ ಮಾಡಿ, ಕರೆಯದನ್ನು ಬಿಡಿ.

ಐಫೋನ್ ಇರುವ ಓದುಗರಿಗೆ ಒಂದು ಮಾತು: ಅಲ್ಲಿ ಸಾಮಾನ್ಯವಾಗಿ ನೋಟಿಫಿಕೇಶನ್ನನ್ನು ಫೋನೇ ನೇರವಾಗಿ ವಾಚಿಗೆ ಕೊಡುತ್ತದೆ. ಬ್ಲೂಟೂತ್ ಪಟ್ಟಿಯಲ್ಲಿ ವಾಚಿನ ಹೆಸರಿನ ಪಕ್ಕದ ‘ಐ’ ಒತ್ತಿ ‘ಶೇರ್ ಸಿಸ್ಟಮ್ ನೋಟಿಫಿಕೇಶನ್ಸ್’ ಆನ್ ಇದೆಯೇ ನೋಡಿ.

ಕನ್ನಡದ ಚೌಕಗಳ ವಿಷಯದಲ್ಲಿ ನಿಮಗೆ ಸಮಾಧಾನ ಹೇಳುವುದು ಕಷ್ಟ. ವಾಚು ಅಕ್ಷರ ತೋರಿಸಬೇಕಾದರೆ ಅದರೊಳಗೇ ಆ ಲಿಪಿಯ ಫಾಂಟ್ ಇರಬೇಕು. ಇದರಲ್ಲಿರುವುದು ಫೋನಿನಂಥ ಆಂಡ್ರಾಯ್ಡ್ ಅಲ್ಲ. ಚಿಕ್ಕ ಚಿಪ್ಪು, ಚಿಕ್ಕ ಮೆಮೊರಿ, ಕಾರ್ಖಾನೆಯಲ್ಲಿ ತುಂಬಿದ ನಾಲ್ಕಾರು ಲಿಪಿ. ಕನ್ನಡಕ್ಕೆ ಫಾಂಟ್ ಒಂದೇ ಸಾಲದು. ‘ಕ’, ‘್’, ‘ಷ’ ಮೂರನ್ನು ಕೂಡಿಸಿ ‘ಕ್ಷ’ ಮಾಡುವ, ಒತ್ತಕ್ಷರವನ್ನು ಕೆಳಗಿಳಿಸುವ ಲೆಕ್ಕವೂ ಬೇಕು. ಕೆಲವು ವಾಚುಗಳಲ್ಲಿ ಕನ್ನಡ ಬರುತ್ತದೆ, ಆದರೆ ‘ಅಮ್ಮ’ ಎಂಬುದು ‘ಅಮ್‌ಮ’ ಎಂದು ಬಿಡಿಬಿಡಿಯಾಗಿ. ಆ್ಯಪಿನಲ್ಲಿ ವಾಚಿನ ಸಾಫ್ಟ್‌ವೇರ್ ಅಪ್‌ಡೇಟ್ ಇದ್ದರೆ ಹಾಕಿ ನೋಡಿ, ಎಷ್ಟೋ ಸಲ ಲಿಪಿ ಸೇರುತ್ತದೆ. ಅಪ್‌ಡೇಟ್ ಮಾಡುವಾಗ ವಾಚಿನ ಬ್ಯಾಟರಿ ಅರ್ಧಕ್ಕಿಂತ ಹೆಚ್ಚಿರಲಿ, ಫೋನು ಪಕ್ಕದಲ್ಲೇ ಇರಲಿ. ನಡುವೆ ನಿಂತರೆ ವಾಚು ಏಳದೇ ಹೋಗಬಹುದು. ಅಪ್‌ಡೇಟ್ ಇಲ್ಲದಿದ್ದರೆ, ಮೆಸೇಜು ಬಂದಿದೆ ಎಂದು ವಾಚು ನಡುಗಿಸಲಿ, ಓದುವುದು ಫೋನಿನಲ್ಲಿ.

ನಿಮ್ಮ ತಮ್ಮ ಹೆದರಿಸಿದ ವಿಷಯಕ್ಕೆ ಬರುತ್ತೇನೆ. ಅವರ ಮಾತಿನಲ್ಲಿ ಹುರುಳಿದೆ. ‘ನೋಟಿಫಿಕೇಶನ್ ಆ್ಯಕ್ಸೆಸ್’ ಎಂಬ ಒಂದು ಅನುಮತಿ ಕೊಟ್ಟರೆ ಆ ಆ್ಯಪ್ ಫೋನಿನ ಮೇಲ್ಪಟ್ಟಿಯಲ್ಲಿ ಮೂಡುವ ಎಲ್ಲವನ್ನೂ ಓದಬಲ್ಲದು, ಒಟಿಪಿಯನ್ನೂ. ಆ್ಯಪ್ ಒಳಗೆ ‘ವಾಟ್ಸ್‌ಆ್ಯಪ್ ಮಾತ್ರ’ ಎಂದು ಆರಿಸಿದರೆ ವಾಚಿಗೆ ಹೋಗುವುದು ಅದು ಮಾತ್ರ, ಆದರೆ ಆ್ಯಪಿನ ಕಣ್ಣಿಗೆ ಎಲ್ಲವೂ ಬೀಳುತ್ತಲೇ ಇರುತ್ತದೆ. ಇದು ಬಹಳ ಮಂದಿಗೆ ಗೊತ್ತಿಲ್ಲ. 2024ರ ಆಂಡ್ರಾಯ್ಡ್ 15ರಿಂದ ನಂಬಿಕಸ್ಥವಲ್ಲದ ಆ್ಯಪ್‌ಗಳಿಗೆ ಒಟಿಪಿ ಕಾಣದಂತೆ ಫೋನೇ ಮರೆಮಾಡುತ್ತದೆ. ನಾಲ್ಕು ವರ್ಷ ಹಳೆಯ ನಿಮ್ಮ ಫೋನಿಗೆ ಆ ರಕ್ಷಣೆ ಸಿಕ್ಕಿದೆಯೋ ಇಲ್ಲವೋ ‘ಅಬೌಟ್ ಫೋನ್’ ಎಂಬಲ್ಲಿ ನೋಡಿ.

ಓದಬಲ್ಲದು ಎಂದರೆ ಕದಿಯುತ್ತಿದೆ ಎಂದಲ್ಲ. ಮೆಸೇಜು ವಾಚಿಗೆ ದಾಟಬೇಕಾದರೆ ಓದದೆ ಬೇರೆ ದಾರಿಯಿಲ್ಲ. ನಾನು ಮೊದಲು ನೋಡುವುದು ಆ್ಯಪ್ ಎಲ್ಲಿಂದ ಬಂತು ಎಂದು. ಪ್ಲೇ ಸ್ಟೋರಿನಿಂದ ಬಂದದ್ದೋ, ಡಬ್ಬದ ಮೇಲಿನ ಕ್ಯೂಆರ್ ಕೋಡು ಹಿಡಿದಾಗ ಯಾವುದೋ ತಾಣದಿಂದ ನೇರವಾಗಿ ಇಳಿದ ಫೈಲೋ? ಎರಡನೆಯದಾದರೆ ತೆಗೆದುಹಾಕಿ, ಅದೇ ಹೆಸರಿನದನ್ನು ಸ್ಟೋರಿನಲ್ಲಿ ಹುಡುಕಿ. ಅಲ್ಲಿ ಇಲ್ಲವೇ ಇಲ್ಲ ಎಂದಾದರೆ ಆ ವಾಚಿಗೆ ನೋಟಿಫಿಕೇಶನ್ ಭಾಗ್ಯ ಬೇಡ. 2022ರ ಆಂಡ್ರಾಯ್ಡ್ 13ರಿಂದ ಹೀಗೆ ಹೊರಗಿನಿಂದ ಬಂದ ಆ್ಯಪಿಗೆ ಈ ಅನುಮತಿ ಕೊಡಲು ಹೋದರೆ ಫೋನೇ ‘ರಿಸ್ಟ್ರಿಕ್ಟೆಡ್ ಸೆಟ್ಟಿಂಗ್’ ಎಂದು ತಡೆಯುತ್ತದೆ. ತಡೆಯನ್ನು ದಾಟುವ ದಾರಿ ತೋರಿಸುವ ವಿಡಿಯೊಗಳನ್ನು ನೋಡಲು ಹೋಗಬೇಡಿ.

ಆ್ಯಪ್ ಸ್ಟೋರಿನದೇ ಆಗಿದ್ದರೆ ನಿಮ್ಮ ಮುಂದೆ ಮೂರು ದಾರಿಗಳಿವೆ. ಎಲ್ಲ ಅನುಮತಿ ಕೊಟ್ಟು ಇದ್ದಂತೆ ಇರುವುದು. ಅನುಕೂಲವೇನೋ ಪೂರ್ತಿ, ಆದರೆ ಹೆಸರು ಕೇಳದ ಕಂಪನಿಯೊಂದನ್ನು ನಂಬಬೇಕು. ನೋಟಿಫಿಕೇಶನ್ ಆ್ಯಕ್ಸೆಸ್ ವಾಪಸ್ ಪಡೆದು ಕಾಂಟ್ಯಾಕ್ಟು ಮತ್ತು ಕರೆಯ ಅನುಮತಿ ಮಾತ್ರ ಉಳಿಸುವುದು ಇನ್ನೊಂದು. ಮೆಸೇಜು ಬರುವುದಿಲ್ಲ, ಆದರೆ ಯಾರು ಕರೆ ಮಾಡುತ್ತಿದ್ದಾರೆ ಎಂದು ಹೆಸರು ಕಾಣುತ್ತದೆ. ನಿಮ್ಮ ಸ್ಥಿತಿಯಲ್ಲಿ ನಾನಾಗಿದ್ದರೆ ಇದನ್ನೇ ಆರಿಸುತ್ತಿದ್ದೆ: ಬ್ಯಾಂಕಿನ ವ್ಯವಹಾರ ಅದೇ ಫೋನಿನಲ್ಲಿದೆ, ಕನ್ನಡ ಮೆಸೇಜು ಹೇಗೂ ಚೌಕ, ಕಳೆದುಕೊಳ್ಳುವುದು ಕಡಿಮೆ. ಮೂರನೆಯದು, ಸ್ವಲ್ಪ ಕೈಚಳಕ ಇರುವವರಿಗೆ. ‘ಗ್ಯಾಜೆಟ್‌ಬ್ರಿಜ್’ ಎಂಬ ಮುಕ್ತ ತಂತ್ರಾಂಶ ಕಂಪನಿಯ ಆ್ಯಪಿನ ಬದಲು ವಾಚಿನ ಜೊತೆ ಮಾತಾಡುತ್ತದೆ, ಮಾಹಿತಿಯನ್ನು ಫೋನಿನಲ್ಲೇ ಇಟ್ಟುಕೊಳ್ಳುತ್ತದೆ, ಖಾತೆ ತೆರೆಯಿರಿ ಎನ್ನುವುದಿಲ್ಲ. ಆದರೆ ಎಲ್ಲ ವಾಚಿಗೂ ಒಗ್ಗುವುದಿಲ್ಲ, ತೀರಾ ಅಗ್ಗದವುಗಳಲ್ಲಿ ಅದೃಷ್ಟ ನೋಡಬೇಕು. ಮಗಳಿಗೆ ಹೇಳಿ ನೋಡಿ.

ಲೊಕೇಶನ್ ಕೇಳಿದ್ದಕ್ಕೆ ಸಂಶಯ ಬೇಡ. ಆಂಡ್ರಾಯ್ಡ್ 6ರಿಂದ 11ರವರೆಗೆ ಸುತ್ತಲಿನ ಬ್ಲೂಟೂತ್ ಸಾಧನ ಹುಡುಕಲು ಆ ಅನುಮತಿ ಬೇಕೇ ಬೇಕಿತ್ತು, 2021ರ ಆಂಡ್ರಾಯ್ಡ್ 12ರಲ್ಲಿ ‘ನಿಯರ್‌ಬೈ ಡಿವೈಸಸ್’ ಎಂದು ಬೇರೆ ಮಾಡಿದರು. ‘ಆ್ಯಪ್ ಬಳಸುವಾಗ ಮಾತ್ರ’ ಎಂದು ಇಡಿ. ಮೈಕು, ಕ್ಯಾಮೆರಾ, ಫೋಟೊಗಳಿಗೆ ಅನುಮತಿ ಕೇಳಿದರೆ ಕಾರಣ ಕಾಣುವವರೆಗೆ ಬೇಡ ಎನ್ನಿ. ವಾಚಿನ ಮುಖಕ್ಕೆ ಮೊಮ್ಮಗುವಿನ ಫೋಟೊ ಹಾಕಬೇಕೆನಿಸಿದ ದಿನ ಕೊಟ್ಟರಾಯಿತು.

ಹಸಿರು ಬೆಳಕು ಮಾಮೂಲಿ ಎಲ್‌ಇಡಿ ಬೆಳಕೇ, ಚರ್ಮಕ್ಕೆ ಏನೂ ಮಾಡುವುದಿಲ್ಲ. ರಾತ್ರಿ ಕಣ್ಣಿಗೆ ಕಿರಿಕಿರಿಯಾದರೆ ನಾಡಿಯನ್ನು ಸದಾ ನೋಡುವುದನ್ನು ಆಫ್ ಮಾಡಿ, ಬ್ಯಾಟರಿಯೂ ಒಂದೆರಡು ದಿನ ಹೆಚ್ಚು ಬಂದೀತು. ಬ್ಲೂಟೂತಿನ ಬಗ್ಗೆ ಹೇಳುವುದಾದರೆ, ಇಂಥ ಸಾಧನಗಳು ಸಾಮಾನ್ಯವಾಗಿ ಹೊರಬಿಡುವ ಶಕ್ತಿ ಹೆಚ್ಚೆಂದರೆ 2.5 ಮಿಲಿವಾಟಿನ ಆಸುಪಾಸು. 2ಜಿ ಫೋನು ಸಿಗ್ನಲ್ ಸಿಗದ ಕಡೆ 2 ವಾಟ್‌ವರೆಗೆ ಏರುತ್ತಿತ್ತು, ಅಂದರೆ 800 ಪಟ್ಟು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ರೇಡಿಯೊ ಅಲೆಗಳನ್ನು ‘ಬಹುಶಃ ಇರಬಹುದು, ಪುರಾವೆ ಸಾಲದು’ ಎಂಬಂಥ ಗುಂಪಿಗೆ ಸೇರಿಸಿದಾಗ ಮುಖ್ಯವಾಗಿ ನೋಡಿದ್ದು ಕಿವಿಗೆ ಹಿಡಿದು ಗಂಟೆಗಟ್ಟಲೆ ಮಾತಾಡುವ ಫೋನನ್ನು. ವಾಚಿನಿಂದ ನಾನು ಕಣ್ಣಾರೆ ಕಂಡಿರುವ ತೊಂದರೆ ಬೇರೆಯೇ: ಪಟ್ಟಿಯಡಿ ಬೆವರು, ಸೋಪಿನ ನೊರೆ ಕುಳಿತು ಚರ್ಮ ಕೆಂಪಗಾಗಿ ತುರಿಸುವುದು. ದಿನಕ್ಕೊಂದೆರಡು ಗಂಟೆ ಬಿಚ್ಚಿಡಿ, ಪಟ್ಟಿ ತೊಳೆದು ಒಣಗಿಸಿ. ತುರಿಕೆ ನಿಲ್ಲದಿದ್ದರೆ ಪಟ್ಟಿಯ ಬಕಲಿನ ಲೋಹ, ನಿಕ್ಕಲ್, ಒಗ್ಗದಿರಬಹುದು. ಬಟ್ಟೆಯ ಪಟ್ಟಿ ಹಾಕಿ ನೋಡಿ.

ಸ್ನಾನಕ್ಕೆ ಬೇಡ. ಐಪಿ68ರಲ್ಲಿ 6 ಧೂಳಿಗೆ, 8 ನೀರಿಗೆ. ಆ ಪರೀಕ್ಷೆ ನಡೆಯುವುದು ನಿಂತ ಸಿಹಿನೀರಿನಲ್ಲಿ, ಹೊಸ ವಾಚಿನ ಮೇಲೆ. ಬಿಸಿ ಹಬೆ ಮತ್ತು ಸೋಪು ಅಂಚಿನ ಅಂಟನ್ನು ನಿಧಾನಕ್ಕೆ ಬಿಡಿಸುತ್ತವೆ, ಅದಕ್ಕೆ ಆ ಸಂಖ್ಯೆಯಲ್ಲಿ ಉತ್ತರವಿಲ್ಲ. ಮಳೆಯಲ್ಲಿ ನೆನೆದರೆ, ಕೈ ತೊಳೆದರೆ ಭಯವಿಲ್ಲ.

ಚಾರ್ಜಿಂಗ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಅಯಸ್ಕಾಂತದ ಆ ಚಿಕ್ಕ ಕೇಬಲಿನ ತುದಿಯನ್ನು ಕರೆಂಟಿನಲ್ಲೇ ಬಿಟ್ಟು ಹೋಗಬೇಡಿ. ಬೀಗದ ಕೈಯೋ ಪಿನ್ನೋ ಹತ್ತಿರ ಇದ್ದರೆ ಸೆಳೆದುಕೊಂಡು ಶಾರ್ಟ್ ಆಗುತ್ತದೆ. ಹಾಗೆ ಸುಟ್ಟು ಕಪ್ಪಾದ ತುದಿಗಳ ಒಂದು ಡಬ್ಬವೇ ನನ್ನ ಹತ್ತಿರ ಇದೆ. ಚಾರ್ಜಿಗೆ ಇಡುವ ಮೊದಲು ವಾಚಿನ ಬೆನ್ನಿನ ಚುಕ್ಕೆಗಳ ಮೇಲಿನ ಬೆವರು ಒರೆಸಿ, ಇಲ್ಲದಿದ್ದರೆ ಅವು ಹಸಿರುಗಟ್ಟುತ್ತವೆ. ಸ್ಕ್ರೀನಾಗಲಿ ಬೆನ್ನಾಗಲಿ ಉಬ್ಬಿದಂತೆ ಕಂಡರೆ ಅದು ಬ್ಯಾಟರಿ. ಒತ್ತಿ ಕೂರಿಸಲು ಹೋಗಬೇಡಿ, ಚಾರ್ಜಿಗೂ ಹಾಕಬೇಡಿ, ಕೈಯಿಂದ ಬಿಚ್ಚಿ ರಿಪೇರಿಯವರಿಗೆ ಕೊಡಿ.

ವಾಪಸ್ ಕೊಡುವ ಮಾತು ಬೇಡ. ಫೋನು ಒಳಕೋಣೆಯಲ್ಲಿ ಚಾರ್ಜಿಗಿದ್ದಾಗ ಮಗಳ ಕರೆ ಬಂದದ್ದು ಅಡುಗೆಮನೆಯಲ್ಲಿ ತಿಳಿಯುತ್ತದಲ್ಲ, ಫೋನು ಎಲ್ಲಿಟ್ಟೆ ಎಂದು ಹುಡುಕುವಾಗ ವಾಚಿನಿಂದ ಅದನ್ನು ಕೂಗಿಸಬಹುದಲ್ಲ, ಅದಕ್ಕೇ ಇಟ್ಟುಕೊಳ್ಳಿ. ಮಾತ್ರೆ ಹೊತ್ತಿಗೆ ಒಂದು ಅಲಾರಾಂ ಇಡಿ. ಹೆಚ್ಚಿನ ವಾಚುಗಳಲ್ಲಿ ಅಲಾರಾಂ ವಾಚಿನೊಳಗೇ ಉಳಿಯುತ್ತದೆ, ಫೋನು ಹತ್ತಿರವಿಲ್ಲದಿದ್ದರೂ ನಡುಗುತ್ತದೆ. ಆಮೇಲೆ ಆ್ಯಪಿನಲ್ಲಿ ವಾಚಿನ ಪುಟಗಳನ್ನು ಜೋಡಿಸುವ ಜಾಗ ಇದ್ದರೆ ಹುಡುಕಿ, ಬಿಪಿಯ ಪುಟವನ್ನು ಅಲ್ಲಿಂದ ತೆಗೆದುಹಾಕಿ.